ದೆವ್ವಕ್ಕೆ ಕಾಸು ಕೊಡಿ: ಕೆರಿಬಿಯನ್ ಕಾರ್ನಿವಲ್‌ನ ಹಳೆಯ ವೇಷಗಳಿಗೆ ಬೀದಿ ಯಾಕೆ ಬೇಕು

ಟ್ರಿನಿಡಾಡ್ ದ್ವೀಪದ ಉತ್ತರದ ಬೆಟ್ಟಗಳಲ್ಲಿ ಪಾರಾಮಿನ್ ಅಂತ ಒಂದು ಹಳ್ಳಿ ಇದೆ. ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನಿಂದ ದೂರವೇನಲ್ಲ. ಆದರೆ ದಾರಿ ಬಲು ಕಡಿದು, ಜೀಪೇ ಆಗಬೇಕು. ಅಡುಗೆಗೆ ಹಾಕುವ ಸೊಪ್ಪುಗಳನ್ನು ಬೆಳೆದು ಪೇಟೆಗೆ ಕಳಿಸುವ ಊರು ಇದು. ಕಾರ್ನಿವಲ್ ಹಬ್ಬದ ಸೋಮವಾರ ಕತ್ತಲಾಗುವ ಹೊತ್ತಿಗೆ ಇಲ್ಲಿನ ಫಾತಿಮಾ ಜಂಕ್ಷನ್‌ನಲ್ಲಿ ಬಿಸ್ಕತ್ ಡಬ್ಬ ಬಡಿಯುವ ಸದ್ದು ಶುರುವಾಗುತ್ತದೆ. ಮೈತುಂಬಾ ನೀಲಿ ಬಳಿದುಕೊಂಡವರು ಗುಂಪುಗುಂಪಾಗಿ ಇಳಿದು ಬರುತ್ತಾರೆ. ಬಾಯಲ್ಲಿ ಸೀಮೆಎಣ್ಣೆ ತುಂಬಿಕೊಂಡು ಬೆಂಕಿ ಉಗುಳುತ್ತಾರೆ. ಗದ್ದದ ಮೇಲೆ ರಕ್ತದ ಹಾಗೆ ಕೆಂಪು ಬಣ್ಣ ಇಳಿಯುತ್ತಿರುತ್ತದೆ. ಒಬ್ಬನ ಸೊಂಟಕ್ಕೆ ಹಗ್ಗ ಕಟ್ಟಿ ಇನ್ನೊಬ್ಬ ಹಿಡಿದಿರುತ್ತಾನೆ, ಬಿಟ್ಟರೆ ಮೈಮೇಲೆ ಬೀಳುವವನ ಹಾಗೆ. ಆ ನೀಲಿ ದೆವ್ವ ನಿಮ್ಮ ಮುಖದ ಹತ್ತಿರಕ್ಕೇ ಬಂದು ಕೈ ಚಾಚುತ್ತದೆ. ಕಾಸು ಕೊಡು. ಕೊಡದಿದ್ದರೆ ನಿಮ್ಮ ಬಿಳಿ ಅಂಗಿ ನೀಲಿಯಾಗುತ್ತದೆ. ಜನ ಕಿರುಚುತ್ತಾರೆ, ಓಡುತ್ತಾರೆ, ಕೊನೆಗೆ ಜೇಬಿಗೆ ಕೈ ಹಾಕುತ್ತಾರೆ.

ಆ ನೀಲಿ ಬಂದದ್ದು ಎಲ್ಲಿಂದ ಗೊತ್ತಾ? ಬಿಳಿ ಬಟ್ಟೆ ಒಗೆದ ಮೇಲೆ ಹಾಕುತ್ತಿದ್ದ ನೀಲಿಯಿಂದ. ನಮ್ಮ ಮನೆಗಳಲ್ಲೂ ಇರುತ್ತಿತ್ತಲ್ಲ, ಅದೇ. ಧಣಿಗಳ ಬಟ್ಟೆಯನ್ನು ಬೆಳ್ಳಗೆ ಮಾಡುತ್ತಿದ್ದ ಪುಡಿಯನ್ನು ಮೈಗೆ ಬಳಿದುಕೊಂಡು ದೆವ್ವವಾಗುವುದರಲ್ಲಿ ಎಷ್ಟು ದೊಡ್ಡ ಮಾತಿದೆ ಅಂತ ನನಗೆ ಪ್ರತಿಸಲವೂ ಅನಿಸುತ್ತದೆ.

ಕೆರಿಬಿಯನ್ ಕಾರ್ನಿವಲ್ ಅಂದ ಕೂಡಲೇ ನಮ್ಮ ಫೋನಿನಲ್ಲಿ ಬರುವ ಚಿತ್ರ ಬೇರೆ. ಬಣ್ಣಬಣ್ಣದ ಗರಿ, ಮಿನುಗುವ ಮಣಿ, ಬಿಕಿನಿ, ಲಾರಿ ಮೇಲೆ ಭಾರಿ ಸ್ಪೀಕರ್. ಅದೂ ನಿಜವಾದ ಕಾರ್ನಿವಲ್ಲೇ. ಆದರೆ ಆ ಗರಿಗಳ ಹಿಂದೆ ನೂರು, ನೂರೈವತ್ತು ವರ್ಷಗಳ ವೇಷಗಳ ದೊಡ್ಡ ಸಂಸಾರವೇ ಇದೆ. ಅಲ್ಲಿನವರು ಇದನ್ನು 'ಮಾಸ್' ಅನ್ನುತ್ತಾರೆ. ಮಾಸ್ಕರೇಡ್ ಅನ್ನುವುದರ ಮೊಟಕು ರೂಪ. ವೇಷ ಹಾಕುವುದಕ್ಕೆ ಅವರ ಮಾತು 'ಮಾಸ್ ಆಡುವುದು'. ಹಾಕುವುದಲ್ಲ, ತೊಡುವುದಲ್ಲ, ಆಡುವುದು. ಹಳೆಯ ವೇಷಗಳಿಗೆ 'ಟ್ರೆಡಿಷನಲ್ ಮಾಸ್', ಗರಿ-ಮಣಿಯ ಮೆರವಣಿಗೆಗೆ 'ಪ್ರೆಟಿ ಮಾಸ್' ಅಂತ ಹೆಸರು.

ಹಳೆಯ ವೇಷಗಳು ಸಾಯುತ್ತಿವೆ, ಉಳಿಸಬೇಕು ಅನ್ನುವ ಕೂಗು ಟ್ರಿನಿಡಾಡ್‌ನಲ್ಲಿ ದಶಕಗಳಿಂದ ಇದೆ. ಅದಕ್ಕಾಗಿ ಸ್ಪರ್ಧೆ ನಡೆಯುತ್ತದೆ, ಬಹುಮಾನ ಕೊಡುತ್ತಾರೆ, ಶಾಲೆಗಳಲ್ಲಿ ಕಲಿಸುತ್ತಾರೆ. 1991ರಲ್ಲಿ ಕಾನೂನಿನ ಮೂಲಕ ಬಂದ ರಾಷ್ಟ್ರೀಯ ಕಾರ್ನಿವಲ್ ಆಯೋಗವೂ ಇದೆ. ಇಷ್ಟೆಲ್ಲ ಇದ್ದೂ ಕೂಗು ನಿಂತಿಲ್ಲ. ಯಾಕೆ? ನನಗೆ ತೋಚುವ ಉತ್ತರ ಇದು. ಈ ವೇಷಗಳಿಗೆ ವೇದಿಕೆ ಸಿಕ್ಕಿದೆ, ಬೀದಿ ತಪ್ಪಿದೆ. ಇವು ನೋಡುವುದಕ್ಕೆ ಮಾಡಿದ ವೇಷಗಳಲ್ಲ, ದಾರಿಹೋಕನನ್ನು ತಡೆದು ಮಾತಾಡಿಸುವುದಕ್ಕೆ ಹುಟ್ಟಿದವು. ಎದುರಿಗೊಬ್ಬ ಸಿಕ್ಕಿ, ಹೆದರಿ, ನಕ್ಕು, ಕಾಸು ಕೊಟ್ಟಾಗಲೇ ವೇಷ ಪೂರ್ತಿಯಾಗುತ್ತದೆ.

ಬೆಳಗಿನ 6 ಗಂಟೆಯ ಕಥೆ

ಇದು ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1783ರಲ್ಲಿ ಟ್ರಿನಿಡಾಡ್ ಸ್ಪೇನಿನ ಕೈಯಲ್ಲಿತ್ತು. ಕ್ಯಾಥೊಲಿಕ್ ಆಗಿದ್ದವರು ಬಂದು ನೆಲೆಸಿದರೆ ಜಮೀನು ಕೊಡುತ್ತೇವೆ ಅಂತ ಸ್ಪೇನ್ ಹೇಳಿತು. ಜತೆಗೆ ಗುಲಾಮರನ್ನು ತಂದರೆ ಇನ್ನೂ ಜಾಸ್ತಿ ಜಮೀನು. ಅಕ್ಕಪಕ್ಕದ ದ್ವೀಪಗಳಿಂದ ಫ್ರೆಂಚ್ ತೋಟದ ಮಾಲೀಕರು ದಂಡಿಯಾಗಿ ಬಂದರು. ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ಉಪವಾಸ ಶುರುವಾಗುವ ಮೊದಲು ಕುಣಿದು ಕುಡಿದು ಮುಗಿಸುವ ಕಾರ್ನಿವಲ್ ರೂಢಿ ಅವರ ಜತೆಗೇ ಬಂತು. 1797ರಲ್ಲಿ ದ್ವೀಪ ಬ್ರಿಟಿಷರ ಪಾಲಾದರೂ ಈ ರೂಢಿ ಉಳಿಯಿತು.

ಆ ಮಾಲೀಕರು ಮುಖವಾಡ ಹಾಕಿ ಮನೆಯಿಂದ ಮನೆಗೆ ಹೋಗಿ ಕುಣಿಯುತ್ತಿದ್ದರು. ಅವರಿಗೆ ಇಷ್ಟವಾದ ಒಂದು ವೇಷ ತೋಟದ ಗುಲಾಮನದು. ಮುಖಕ್ಕೆ ಮಸಿ ಬಳಿದುಕೊಂಡು, ಹರಕು ಬಟ್ಟೆ ಹಾಕಿಕೊಂಡು, ತಾವೇ ದುಡಿಸಿಕೊಳ್ಳುತ್ತಿದ್ದವರನ್ನು ಅಣಕಿಸುತ್ತಿದ್ದರು. ಕಬ್ಬಿನ ಗದ್ದೆಗೆ ಬೆಂಕಿ ಬಿದ್ದಾಗ ಗುಲಾಮರನ್ನು ಚಾವಟಿಯಿಂದ ಹೊಡೆದು, ಕೊಂಬು ಊದಿ, ರಾತ್ರೋರಾತ್ರಿ ಕಬ್ಬು ಕಡಿಸುವುದಕ್ಕೆ ಓಡಿಸುತ್ತಿದ್ದರು. ಆ ದೃಶ್ಯವೂ ಅವರಿಗೆ ಆಟವಾಗಿತ್ತು. ಫ್ರೆಂಚ್‌ನಲ್ಲಿ ಸುಟ್ಟ ಕಬ್ಬು ಅನ್ನುವ ಮಾತೇ ಜನರ ಬಾಯಲ್ಲಿ 'ಕ್ಯಾಂಬೂಲೆ' ಆಯಿತು.

1834ರಲ್ಲಿ ಗುಲಾಮಗಿರಿ ರದ್ದಾಯಿತು. ಪೂರ್ತಿ ಬಿಡುಗಡೆ ಸಿಕ್ಕಿದ್ದು 1838ರ ಆಗಸ್ಟ್ 1ಕ್ಕೆ. ಬಿಡುಗಡೆಯಾದವರು ಏನು ಮಾಡಿದರು ಅಂದರೆ, ತಮ್ಮನ್ನು ಅಣಕಿಸುತ್ತಿದ್ದ ಆಟವನ್ನೇ ಕಿತ್ತುಕೊಂಡರು. ಕೈಯಲ್ಲಿ ಪಂಜು, ಕೋಲು, ಎದುರಿಗೆ ನಗಾರಿ. ಕ್ಯಾಂಬೂಲೆ ಈಗ ಅವರದೇ ಮೆರವಣಿಗೆ. ಬರಬರುತ್ತಾ ಅದು ಕಾರ್ನಿವಲ್‌ನ ನಡುರಾತ್ರಿಗೆ ಬಂದು ನಿಂತಿತು. ಮಾಲೀಕ ಗುಲಾಮನ ವೇಷ ಹಾಕುತ್ತಿದ್ದ. ಈಗ ಮಾಜಿ ಗುಲಾಮ, ತನ್ನ ವೇಷ ಹಾಕಿಕೊಂಡ ಮಾಲೀಕನ ವೇಷ ಹಾಕಿದ. ಡೇಮ್ ಲೊರೇನ್ ಅನ್ನುವ ವೇಷ ಹುಟ್ಟಿದ್ದು ಇಂಥ ಜಾಗದಲ್ಲೇ. ತೋಟದ ಮಾಲೀಕರ ಹೆಂಡತಿಯರ ಹಾಗೆ ಉದ್ದ ಗೌನು, ಬೀಸಣಿಗೆ, ಜತೆಗೆ ಬಟ್ಟೆ ತುರುಕಿ ದೊಡ್ಡದು ಮಾಡಿದ ಎದೆ, ಹಿಂಭಾಗ.

ಆಳುವವರಿಗೆ ಇದು ಸಹಿಸಲಿಲ್ಲ. 1881ರಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಪೊಲೀಸ್ ಮುಖ್ಯಸ್ಥ ಕ್ಯಾಪ್ಟನ್ ಬೇಕರ್ ಪಂಜು, ಕೋಲು ಕಸಿಯಲು ಹೊರಟಾಗ ದೊಡ್ಡ ಬಡಿದಾಟವೇ ನಡೆಯಿತು. ಅದನ್ನು ಇವತ್ತಿಗೂ ಕ್ಯಾಂಬೂಲೆ ದಂಗೆ ಅನ್ನುತ್ತಾರೆ. 1884ರಲ್ಲಿ ಕಾನೂನು ತಂದು ಕ್ಯಾಂಬೂಲೆ ನಿಲ್ಲಿಸಿದರು. ಸೋಮವಾರ ಬೆಳಗ್ಗೆ 6ಕ್ಕೆ ಮೊದಲು ಕಾರ್ನಿವಲ್ ಶುರು ಮಾಡುವ ಹಾಗಿಲ್ಲ ಅಂತಾಯಿತು. ನಗಾರಿಗೂ ಕಡಿವಾಣ ಬಿತ್ತು. ಜನ ಬಿದಿರಿನ ಕೊಳವೆಗಳನ್ನು ನೆಲಕ್ಕೆ ಕುಟ್ಟಿ ತಾಳ ಹಾಕಿದರು. ಆಮೇಲೆ ಬಿಸ್ಕತ್ ಡಬ್ಬ, ಪೇಂಟ್ ಡಬ್ಬ. 1930-40ರ ದಶಕಗಳಲ್ಲಿ ಆ ಡಬ್ಬಗಳಿಂದಲೇ ಸ್ಟೀಲ್‌ಪ್ಯಾನ್ ಅನ್ನುವ ವಾದ್ಯ ಹುಟ್ಟಿತು. ಪಾರಾಮಿನ್‌ನ ದೆವ್ವಗಳ ಜತೆ ಇವತ್ತೂ ಬಡಿಯುವ ಬಿಸ್ಕತ್ ಡಬ್ಬದಲ್ಲಿ ಆ ಇಡೀ ಕಥೆ ಇದೆ.

ಅದೇ 1884ರ ಅಕ್ಟೋಬರ್ 30ರಂದು ಅದೇ ಪೊಲೀಸರ ಗುಂಡು ಇನ್ನೊಂದು ಮೆರವಣಿಗೆಯ ಮೇಲೆ ಹಾರಿತು. ಸಾನ್ ಫರ್ನಾಂಡೊ ಪಟ್ಟಣದಲ್ಲಿ ಭಾರತದ ಕೂಲಿಗಳು ಮೊಹರಂ ಮೆರವಣಿಗೆ ಹೊರಟಿದ್ದರು. ಅಲ್ಲಿ ಅದಕ್ಕೆ 'ಹೋಸೆ' ಅನ್ನುತ್ತಾರೆ. ಮುಸ್ಲಿಮರ ಜತೆ ಹಿಂದೂಗಳೂ ತಾಜಿಯಾ ಹೊತ್ತಿದ್ದರು. ಹಲವರು ಸತ್ತರು, ನೂರಕ್ಕೂ ಜಾಸ್ತಿ ಜನರಿಗೆ ಗಾಯವಾಯಿತು. ಕ್ಯಾಂಬೂಲೆ ಬಗ್ಗೆ ಬರೆಯುವವರು ಬಹಳ ಸಲ ಹೋಸೆಯನ್ನು ಬಿಟ್ಟುಬಿಡುತ್ತಾರೆ. ನಾನು ಬಿಡಲಾರೆ. ಆಫ್ರಿಕಾದಿಂದ ಬಂದವರ ಪಂಜು, ನಮ್ಮ ನೆಲದಿಂದ ಹೋದವರ ನಗಾರಿ, ಎರಡಕ್ಕೂ ಒಂದೇ ವರ್ಷ ಏಟು ಬಿತ್ತು.

6 ಗಂಟೆಯ ಆ ಆಜ್ಞೆಯಿಂದ ರೂಪ ಪಡೆದದ್ದೇ ಇವತ್ತಿನ 'ಜೂವೆ'. ಫ್ರೆಂಚ್‌ನಲ್ಲಿ ಹಗಲು ತೆರೆಯುವುದು ಅಂತ ಅರ್ಥ. ಈಗ ಅದು ನಸುಕಿಗೂ ಮುಂಚೆ, ಕತ್ತಲಲ್ಲೇ ಶುರುವಾಗುತ್ತದೆ. ಮಣ್ಣು, ಎಣ್ಣೆ, ಬಣ್ಣ ಬಳಿದುಕೊಂಡು ಜನ ಬೀದಿಗಿಳಿಯುತ್ತಾರೆ. ಕೆರಿಬಿಯನ್ ವಲಸಿಗರು ಇದನ್ನು ನ್ಯೂಯಾರ್ಕ್‌ನ ಬ್ರೂಕ್ಲಿನ್‌ಗೂ ಒಯ್ದರು. ಅಲ್ಲಿ 2015 ಮತ್ತು 2016ರಲ್ಲಿ ಗುಂಡು ಹಾರಿ ಸಾವುಗಳಾದವು. 2017ರಲ್ಲಿ ನಗರದ ಆಡಳಿತ ಜೂವೆ ಶುರುವಾಗುವ ಹೊತ್ತನ್ನು ನಸುಕಿನ 4ರಿಂದ ಬೆಳಗಿನ 6ಕ್ಕೆ ತಳ್ಳಿತು. ತಪಾಸಣೆ ಗೇಟು ಹಾಕಿತು. ಜನರ ಜೀವ ಕಾಯಬೇಕಾದದ್ದು ನಿಜ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಮೆರವಣಿಗೆಯ ಅಜ್ಜ-ಅಜ್ಜಿಯರಿಗೆ 6 ಗಂಟೆ ಅನ್ನುವುದು ಬರೀ ಗಡಿಯಾರದ ಹೊತ್ತಾಗಿರಲಿಲ್ಲ. ಕತ್ತಲನ್ನು ಕಸಿದುಕೊಂಡರೆ ಜೂವೆಯಲ್ಲಿ ಏನು ಉಳಿಯುತ್ತದೆ ಅನ್ನುವ ಅವರ ಪ್ರಶ್ನೆಗೆ 130 ವರ್ಷಗಳ ಬೇರಿದೆ.

ಮಾತೇ ಆಯುಧವಾದ ವೇಷಗಳು

ಹಳೆಯ ವೇಷಗಳಲ್ಲಿ ನನಗೆ ತುಂಬಾ ಹತ್ತಿರದವನು ಮಿಡ್‌ನೈಟ್ ರಾಬರ್. ನಡುರಾತ್ರಿಯ ಕಳ್ಳ. ತಲೆ ಮೇಲೆ ಛತ್ರಿಯಷ್ಟು ಅಗಲದ ಟೋಪಿ, ಅದರ ಅಂಚಿಗೆ ಕುಚ್ಚು, ಕೆಲವೊಮ್ಮೆ ಮೇಲೊಂದು ಪುಟ್ಟ ಶವಪೆಟ್ಟಿಗೆ. ಬೆನ್ನಿಗೆ ತಲೆಬುರುಡೆ ಬರೆದ ದೊಡ್ಡ ನಿಲುವಂಗಿ. ಬಾಯಲ್ಲಿ ಸೀಟಿ. ಅವನು ನಿಮ್ಮನ್ನು ಅಡ್ಡಗಟ್ಟಿ ಸೀಟಿ ಊದುತ್ತಾನೆ, ಮತ್ತೆ ಮಾತು ಶುರು ಮಾಡುತ್ತಾನೆ. ತಾನು ಹುಟ್ಟಿದಾಗ ಸೂರ್ಯ ಹೇಗೆ ಕಂತಿದ, ಭೂಮಿ ಹೇಗೆ ಬಿರಿಯಿತು, ತನ್ನ ಕೈಯಲ್ಲಿ ಎಷ್ಟು ರಾಜರು ಸತ್ತರು. ಪ್ರಾಸ, ಉಸಿರು, ಏರಿಳಿತ, ಎಲ್ಲ ಸೇರಿ ಒಂದು ಪ್ರವಾಹ. ಅದಕ್ಕೆ 'ರಾಬರ್ ಟಾಕ್' ಅಂತಲೇ ಹೆಸರು. ನೀವು ಕಾಸು ಕೊಟ್ಟರೆ ಮಾತ್ರ ಆ ಮಾತು ನಿಲ್ಲುತ್ತದೆ. ಪಶ್ಚಿಮ ಆಫ್ರಿಕಾದ ಕಥೆಗಾರರ ಪರಂಪರೆ, ಅಮೆರಿಕದ ಕೌಬಾಯ್ ಕಥೆಗಳು, ಎರಡೂ ಅವನೊಳಗೆ ಬೆರೆತಿವೆ ಅನ್ನುತ್ತಾರೆ. 2005ರಲ್ಲಿ ತೀರಿಕೊಂಡ ಬ್ರಯನ್ ಒನೊರೆ ಈ ವೇಷದ ದೊಡ್ಡ ಹೆಸರು. ಆಯಾ ವರ್ಷದ ರಾಜಕೀಯ, ಬೆಲೆ ಏರಿಕೆ, ಭ್ರಷ್ಟಾಚಾರ ಎಲ್ಲ ರಾಬರ್‌ನ ಮಾತಿನೊಳಗೆ ಬರಬಹುದು. ಕಳ್ಳನ ಬಾಯಲ್ಲಿ ಕಳ್ಳರ ಲೆಕ್ಕ!

ಪಿಯೆರೋ ಗ್ರೆನೇಡ್ ಇನ್ನೊಂದು ಬಗೆ. ಗ್ರೆನೇಡಾ ದ್ವೀಪದಿಂದ ಟ್ರಿನಿಡಾಡ್‌ಗೆ ಕೂಲಿಗೆ ಬಂದವರನ್ನು ಅಣಕಿಸುವುದಕ್ಕೆ ಹುಟ್ಟಿದ ವೇಷ ಅದು. ಮೈತುಂಬಾ ಬಣ್ಣದ ಚಿಂದಿ. ಆದರೆ ಅವನು ಪಂಡಿತ. ಎಷ್ಟೇ ಉದ್ದದ ಪದ ಕೊಡಿ, ಅಕ್ಷರ ಒಡೆದು ಹೇಳುತ್ತಾನೆ. ಅದೂ ಸುಮ್ನೆ ಅಲ್ಲ, ಒಂದೊಂದು ತುಂಡಿಗೂ ಊರಿನ ಒಂದೊಂದು ಸುದ್ದಿ ಪೋಣಿಸುತ್ತಾ. ಬ್ರಿಟಿಷ್ ಶಾಲೆಗಳಲ್ಲಿ ಸ್ಪೆಲ್ಲಿಂಗ್ ತಪ್ಪಿದರೆ ಬೆತ್ತದೇಟು ತಿಂದವರ ಸಿಟ್ಟು ಇಲ್ಲಿ ಆಟವಾಗಿದೆ. ಗ್ರೆನೇಡಾಕ್ಕೆ ಸೇರಿದ ಕ್ಯಾರಿಯಾಕೂ ಅನ್ನುವ ಪುಟ್ಟ ದ್ವೀಪದಲ್ಲಂತೂ ಪಿಯೆರೋಗಳು ಎದುರುಬದುರು ನಿಂತು ಶೇಕ್ಸ್‌ಪಿಯರ್‌ನ 'ಜೂಲಿಯಸ್ ಸೀಸರ್' ನಾಟಕದ ಸಾಲುಗಳನ್ನು ಸವಾಲು ಹಾಕಿ ಹೇಳುತ್ತಾರೆ. ತಪ್ಪಿದವನಿಗೆ ಚಾವಟಿ ಏಟು. ಅದಕ್ಕೇ ತಲೆಗೆ, ಬೆನ್ನಿಗೆ ದಪ್ಪ ಮೆತ್ತೆ ಕಟ್ಟಿಕೊಂಡಿರುತ್ತಾರೆ. 2024ರ ಜುಲೈ 1ರಂದು ಬೆರಿಲ್ ಚಂಡಮಾರುತ ಈ ದ್ವೀಪದ ಮೇಲೇ ಹಾದುಹೋಯಿತು. ಹೆಚ್ಚುಕಡಿಮೆ ಎಲ್ಲ ಮನೆಗಳೂ ಜಖಂ ಆದವು. ಪರಂಪರೆ ಉಳಿಸುವುದು ಅನ್ನುವಾಗ ನಾವು ಯಾವಾಗಲೂ ಯುವಕರ ಆಸಕ್ತಿ ಬಗ್ಗೆ ಮಾತಾಡುತ್ತೇವೆ. ಮೇಲೆ ಸೂರು ಇರಬೇಕು ಅನ್ನುವ ಮೊದಲ ಮಾತನ್ನು ಮರೆಯುತ್ತೇವೆ.

ಬೇಬಿ ಡಾಲ್ ಮಾತ್ರ ನಗಿಸುತ್ತಾ ಚುಚ್ಚುವ ವೇಷ. ಫ್ರಿಲ್ ಹಾಕಿದ ಗೌನು, ತಲೆಗೆ ಬಾನೆಟ್, ತೋಳಲ್ಲಿ ಬೊಂಬೆ. ಬೀದಿಯಲ್ಲಿ ಹೋಗುವ ಯಾವನೋ ಗಂಡಸನ್ನು ಎಲ್ಲರೆದುರು ಹಿಡಿದು ನಿಲ್ಲಿಸಿ, ಈ ಮಗು ನಿನ್ನದೇ, ಹಾಲಿಗೆ ದುಡ್ಡು ಕೊಡು ಅನ್ನುತ್ತಾಳೆ. ಅವನು ತಬ್ಬಿಬ್ಬಾಗುತ್ತಾನೆ. ಹೆಂಡತಿ ಪಕ್ಕದಲ್ಲಿದ್ದರಂತೂ ಮುಗೀತು. ಸುತ್ತಲಿನ ಜನ ತೀರ್ಪುಗಾರರಾಗುತ್ತಾರೆ. ಮಗುವನ್ನು ಕೊಟ್ಟು ಕೈಬಿಟ್ಟು ಹೋದ ಗಂಡಸರ ಬಗ್ಗೆ ಇಷ್ಟು ನೇರವಾಗಿ ಮಾತಾಡುವ ಜನಪದ ವೇಷ ಬೇರೆಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಕಾಕಂಬಿ ಬಳಿದುಕೊಳ್ಳುವ ಜ್ಯಾಬ್ ಮೊಲಾಸಿ, ಪಾರಾಮಿನ್‌ನ ನೀಲಿ ದೆವ್ವದ ಅಣ್ಣ. ಫ್ರೆಂಚ್‌ನ ಡಯಾಬ್ಲ್, ಅಂದರೆ ದೆವ್ವ, ಇಲ್ಲಿ ಜ್ಯಾಬ್ ಆಗಿದೆ. ನೌಕಾಪಡೆಯ ಹಡಗುಗಳು ಬಂದು ಹೋದಾಗ ಹುಟ್ಟಿದ ನಾವಿಕ ವೇಷಗಳು, ಬಾವಲಿ, ಡ್ರಾಗನ್, ಹೋರಿ, ಗರಿ ಕಿರೀಟದ ಮೂಲನಿವಾಸಿ. ಸೊಂಟಕ್ಕೆ ಕತ್ತೆಯ ಚೌಕಟ್ಟು ಕಟ್ಟಿಕೊಂಡು ಕುಣಿಯುವ ಬುರೋಕೀಟ್. ನಮ್ಮ ಕೀಲುಕುದುರೆ ನೋಡಿದವರಿಗೆ ಬುರೋಕೀಟ್ ಹೇಗಿರುತ್ತದೆ ಅಂತ ವಿವರಿಸಬೇಕಾಗಿಲ್ಲ. ಅದರ ಹೆಸರು ಸ್ಪ್ಯಾನಿಷ್. ಆದರೆ ಅದರ ಪಕ್ಕದಲ್ಲೇ ಭಾರತದವರ ಕುದುರೆ ಕುಣಿತವೂ ಇತ್ತು, ಅದನ್ನು ಸುಮಾರಿ ಅನ್ನುತ್ತಿದ್ದರು. 1845ರ ಮೇ 30ರಂದು ಫತೆಲ್ ರಜಾಕ್ ಹಡಗು ಮೊದಲ ಕೂಲಿಗಳನ್ನು ಟ್ರಿನಿಡಾಡ್‌ನಲ್ಲಿ ಇಳಿಸಿತು. 1917ರವರೆಗೆ ಸುಮಾರು 1.43 ಲಕ್ಷ ಜನ ಹೋದರು. ಕೆಲವರು ಮದ್ರಾಸ್ ಬಂದರಿನಿಂದಲೂ ಹೊರಟವರು. ಪೆಟ್ಟಿಗೆಯಲ್ಲಿ ಜಾಗ ಇಲ್ಲದಿದ್ದರೂ ಕುಣಿತವನ್ನು ಮೈಯಲ್ಲೇ ಹೊತ್ತುಕೊಂಡು ಹೋಗಬಹುದಲ್ವಾ.

ಸಮವಸ್ತ್ರಕ್ಕೆ ಹಲ್ಲು ಮೂಡಿದಾಗ

ಟ್ರಿನಿಡಾಡ್ ಒಂದರ ಬಗ್ಗೆಯೇ ಬರೆದರೆ ಅನ್ಯಾಯವಾಗುತ್ತದೆ. ಹೈಟಿ ದೇಶದ ದಕ್ಷಿಣ ಕರಾವಳಿಯ ಜಾಕ್ಮೆಲ್ ಊರು ಕಾಗದದ ಪಲ್ಪ್‌ನಿಂದ ಮಾಡುವ ಮುಖವಾಡಗಳಿಗೆ ಹೆಸರುವಾಸಿ. ಅಲ್ಲಿ 'ಚಾಲೋಸ್ಕಾ' ಅಂತ ಒಂದು ವೇಷ ಇದೆ. ಮಿಲಿಟರಿ ಕೋಟು, ಟೋಪಿ, ದಪ್ಪ ಕೆಂಪು ತುಟಿ, ಹೊರಗೆ ಚಾಚಿದ ಭಯಂಕರ ಹಲ್ಲು. ಹೆಸರು ಬಂದದ್ದು ಶಾರ್ಲ್ ಒಸ್ಕಾರ್ ಎಟಿಯೆನ್ ಅನ್ನುವ ಅಧಿಕಾರಿಯಿಂದ. 1915ರ ಜುಲೈನಲ್ಲಿ ರಾಜಧಾನಿಯ ಜೈಲಿನಲ್ಲಿದ್ದ ರಾಜಕೀಯ ಕೈದಿಗಳನ್ನು ಸಾಮೂಹಿಕವಾಗಿ ಕೊಲ್ಲಿಸಿದವನು ಅವನು. ರೊಚ್ಚಿಗೆದ್ದ ಜನ ಅವನನ್ನು ಕೊಂದರು, ಅಧ್ಯಕ್ಷನನ್ನೂ ಕೊಂದರು. ಅದೇ ನೆಪದಲ್ಲಿ ಅಮೆರಿಕದ ಸೈನ್ಯ ಇಳಿಯಿತು, 1934ರವರೆಗೆ ಹೋಗಲಿಲ್ಲ.

ಆ ಅಧಿಕಾರಿ ಸತ್ತು ನೂರು ವರ್ಷ ದಾಟಿದೆ.  ಆದರೆ ಕಾರ್ನಿವಲ್ ಬಂದಾಗ ಹತ್ತಾರು ಹುಡುಗರು ಆ ಹಲ್ಲು ಕಟ್ಟಿಕೊಂಡು ಬೀದಿಯಲ್ಲಿ ಜನರನ್ನು ಅಟ್ಟಿಸಿಕೊಂಡು ಹೋಗುತ್ತಾರೆ. ಮಕ್ಕಳು ಹೆದರಿ ಓಡುತ್ತಾರೆ, ಆಮೇಲೆ ಬಿದ್ದು ಬಿದ್ದು ನಗುತ್ತಾರೆ. ಆ ದೇಶ ಆಮೇಲೆ ಡುವಾಲಿಯೆ ಅಪ್ಪ-ಮಗನ ಸರ್ವಾಧಿಕಾರ ಕಂಡಿತು, ಸೈನ್ಯದ ಆಳ್ವಿಕೆ ಕಂಡಿತು. ಪ್ರತಿ ಕಾಲದ ಸಮವಸ್ತ್ರಕ್ಕೂ ಚಾಲೋಸ್ಕಾದ ಹಲ್ಲು ಸರಿಯಾಗಿ ಕೂತಿತು. ಪಠ್ಯಪುಸ್ತಕ ಬರೆಯದ ಇತಿಹಾಸವನ್ನು ಒಂದು ಊರು ಕಾಗದದ ಹಲ್ಲಿನಲ್ಲಿ ಹೀಗೆ ಉಳಿಸಿಕೊಂಡಿದೆ. ಇವತ್ತು ಹೈಟಿಯಲ್ಲಿ ಶಸ್ತ್ರ ಹಿಡಿದ ಗುಂಪುಗಳ ಹಾವಳಿ. 2021ರಿಂದ ರಾಜಧಾನಿಯಿಂದ ದಕ್ಷಿಣಕ್ಕೆ ಹೋಗುವ ರಸ್ತೆ ಅವುಗಳ ಹಿಡಿತದಲ್ಲಿ ಸಿಕ್ಕಿ ಜಾಕ್ಮೆಲ್‌ಗೆ ಹೋಗುವುದೇ ಜೀವದ ಪ್ರಶ್ನೆಯಾಗಿದೆ.

ಪೋರ್ಟೊ ರಿಕೊದಲ್ಲಿ ವೆಹಿಗಾಂತೆ ಅನ್ನುವ ವೇಷ ಇದೆ. ಪೊನ್ಸೆ ಊರಿನಲ್ಲಿ ಕಾಗದದ, ಹತ್ತಾರು ಕೊಂಬಿನ ಮುಖವಾಡ. ಆಫ್ರಿಕಾ ಮೂಲದವರೇ ಜಾಸ್ತಿ ಇರುವ ಲೊಯಿಸಾದಲ್ಲಿ ತೆಂಗಿನಕಾಯಿ ಸಿಪ್ಪೆಯ ಮುಖವಾಡ. ಅಲ್ಲಿ ವೆಹಿಗಾಂತೆ ಬರುವುದು ಕಾರ್ನಿವಲ್‌ಗಲ್ಲ, ಜುಲೈ ಕೊನೆಯ ಸಂತ ಸಾಂಟಿಯಾಗೊ ಹಬ್ಬಕ್ಕೆ. ಸ್ಪೇನಿನ ಕಥೆಯಲ್ಲಿ ಸೋಲಬೇಕಾದ ಶತ್ರು ಅವನು. ಲೊಯಿಸಾದ ಜನ ಅವನನ್ನೇ ತಮ್ಮವನನ್ನಾಗಿ ಮಾಡಿಕೊಂಡರು. ಬಹಾಮಾಸ್‌ನ ಜಂಕಾನೂ 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಅದು ಡಿಸೆಂಬರ್ 26 ಮತ್ತು ಹೊಸ ವರ್ಷದ ದಿನ ನಡೆಯುವ ಮೆರವಣಿಗೆ. ವರ್ಷದಲ್ಲಿ ಗುಲಾಮರಿಗೆ ಬಿಡುವು ಸಿಗುತ್ತಿದ್ದ ದಿನಗಳೇ ಅವು.

ರಸ್ತೆ ಯಾರದು

ಈಗ ಮೊದಲಿನ ಪ್ರಶ್ನೆಗೆ ವಾಪಸ್ ಬರುತ್ತೇನೆ. ಟ್ರಿನಿಡಾಡ್‌ನಲ್ಲಿ ಒಟ್ಟಾಗಿ ಮಾಸ್ ಆಡುವ ತಂಡಕ್ಕೆ 'ಬ್ಯಾಂಡ್' ಅನ್ನುತ್ತಾರೆ. ದೊಡ್ಡ ಬ್ಯಾಂಡ್‌ಗಳಲ್ಲಿ ಒಂದೊಂದರಲ್ಲೂ ಸಾವಿರಾರು ಜನ ಇರುತ್ತಾರೆ. ಮೊದಲೇ ಹೆಸರು ಬರೆಸಿ, ಸಾವಿರಾರು ಸ್ಥಳೀಯ ಡಾಲರ್ ಕಟ್ಟಿದರೆ ವೇಷ, ಊಟ, ಕುಡಿಯುವುದು, ಕಾವಲುಗಾರರು ಎಲ್ಲ ಸಿಗುತ್ತದೆ. ವೇಷದ ಬಿಡಿಭಾಗ ಎಷ್ಟೋ ಚೀನಾದಿಂದ ಬರುತ್ತದೆ. ಸುತ್ತಲೂ ಹಗ್ಗ ಹಿಡಿದು, ದುಡ್ಡು ಕಟ್ಟದವರು ಒಳಗೆ ಬಾರದಂತೆ ನೋಡಿಕೊಳ್ಳುತ್ತಾರೆ. ಇದನ್ನು ಬೈಯುವುದು ಸುಲಭ. ನಾನು ಬೈಯುವುದಿಲ್ಲ. ಈ ಮೆರವಣಿಗೆಯಲ್ಲಿ ಇರುವವರಲ್ಲಿ ಹೆಂಗಸರೇ ಜಾಸ್ತಿ. ವರ್ಷವಿಡೀ ಆಫೀಸು, ಮನೆ, ಮಕ್ಕಳು ಅಂತ ದುಡಿದು ಎರಡು ದಿನ ತಮ್ಮ ಮೈಯನ್ನು ತಮ್ಮದೇ ಅಂತ ಸಂಭ್ರಮಿಸುತ್ತಾರೆ. ಅದೂ ಒಂದು ಬಿಡುಗಡೆಯೇ.

ತೊಂದರೆ ಇರುವುದು ಹಗ್ಗದಲ್ಲಿ. ರಾಬರ್‌ಗೆ ಅಡ್ಡಗಟ್ಟುವುದಕ್ಕೆ ಒಬ್ಬ ದಾರಿಹೋಕ ಬೇಕು. ಹಗ್ಗದ ಒಳಗಿರುವವರು ದಾರಿಹೋಕರಲ್ಲ. ಹಗ್ಗದ ಹೊರಗಿರುವವರಿಗೆ ಲಾರಿಯ ಸ್ಪೀಕರ್ ಸದ್ದಿನಲ್ಲಿ ರಾಬರ್‌ನ ಮಾತು ಕೇಳಿಸುವುದಿಲ್ಲ. ಮಾತೇ ಆಯುಧವಾದವನ ಬಾಯಿಯನ್ನು ಯಾರೂ ಕಟ್ಟಿಲ್ಲ, ಆದರೂ ಅವನು ಮೂಕನಾಗಿದ್ದಾನೆ. ಪಿಯೆರೋ ಗ್ರೆನೇಡ್‌ದೂ, ಬೇಬಿ ಡಾಲ್‌ದೂ ಇದೇ ಪಾಡು. ಹಾಗಾಗಿ ಅವರನ್ನು ವೇದಿಕೆಗೆ ಕರೆದರು. ಅಲ್ಲಿ ಮೈಕ್ ಇದೆ, ತೀರ್ಪುಗಾರರಿದ್ದಾರೆ, ಕೆಲವೇ ನಿಮಿಷ ಸಮಯ ಇದೆ. ರಾಬರ್ ತನ್ನ ಮಾತನ್ನು ಬಾಯಿಪಾಠ ಮಾಡಿಕೊಂಡು ಬಂದು ಹೇಳಿ ಹೋಗುತ್ತಾನೆ. ಎದುರಿಗಿದ್ದವನ ಮುಖ ನೋಡಿ ಮಾತು ತಿರುಗಿಸುವ ಕಲೆ ಅಲ್ಲಿ ಬೇಕಾಗುವುದೇ ಇಲ್ಲ. ಬೇಬಿ ಡಾಲ್ ತೀರ್ಪುಗಾರನಿಗೆ ಮಗು ಕೊಡಲಾರಳು. ಕೊಟ್ಟರೂ ಅದರಲ್ಲಿ ಅಪಾಯ ಇಲ್ಲ. ಫೋನಿನ ಕ್ಯಾಮೆರಾ ಬಂದಮೇಲೆ ಬೀದಿಯಲ್ಲೂ ಇದೇ ಆಗುತ್ತಿದೆ. ಹೆದರಬೇಕಾದವನು ಹೆದರುವ ಬದಲು ಫೋಟೊ ತೆಗೆಯುತ್ತಾನೆ.

ಕಾನೂನಿನ ಕಡೆಯೂ ಒಂದು ನೋಟ ಹಾಕೋಣ. ಟ್ರಿನಿಡಾಡ್‌ನ 1997ರ ಕಾಪಿರೈಟ್ ಕಾಯಿದೆಯಲ್ಲಿ ಮಾಸ್ ಕೃತಿಗೆ ಪ್ರತ್ಯೇಕ ಜಾಗ ಕೊಟ್ಟಿದ್ದಾರೆ. ಆ ದೇಶಕ್ಕೆ ಇದು ಹೆಮ್ಮೆಯ ವಿಷಯವೇ. ಹೊಸ ವೇಷ ವಿನ್ಯಾಸ ಮಾಡಿದವನಿಗೆ ಅದರಿಂದ ರಕ್ಷಣೆ ಸಿಗುತ್ತದೆ. ಆದರೆ ಮಿಡ್‌ನೈಟ್ ರಾಬರ್‌ನನ್ನು ವಿನ್ಯಾಸ ಮಾಡಿದವರು ಯಾರು? ನೀಲಿ ದೆವ್ವ ಯಾರ ಸ್ವತ್ತು? ಊರಿಗೆ ಊರೇ ಸೇರಿ ಮಾಡಿದ್ದಕ್ಕೆ ಈ ಕಾನೂನಿನ ಭಾಷೆಯಲ್ಲಿ ಮಾಲೀಕನೇ ಇಲ್ಲ. ಹಾಗಾಗಿ ಜಾಹೀರಾತಿನವರು ಪಾರಾಮಿನ್‌ನ ದೆವ್ವವನ್ನು ಬಳಸಿಕೊಂಡರೆ ಪಾರಾಮಿನ್‌ಗೆ ಬಿಡಿಗಾಸೂ ಬರಬೇಕಾಗಿಲ್ಲ.

ವೇಷಕ್ಕೆ ಇರುವ ಸ್ವಾತಂತ್ರ್ಯ ಬದುಕಿಗೆ ಇದೆಯಾ ಅನ್ನುವುದು ಇನ್ನೊಂದು ಪ್ರಶ್ನೆ. ಗಂಡಸರು ಡೇಮ್ ಲೊರೇನ್ ಆಗಿ ಗೌನು ತೊಟ್ಟು ಸೊಂಟ ಕುಣಿಸಿದರೆ ಇಡೀ ಊರು ಚಪ್ಪಾಳೆ ತಟ್ಟುತ್ತದೆ. ಅದೇ ದೇಶದಲ್ಲಿ ಸಲಿಂಗ ಸಂಬಂಧವನ್ನು ಅಪರಾಧ ಅನ್ನುವ ವಸಾಹತು ಕಾಲದ ಕಾನೂನನ್ನು 2018ರಲ್ಲಿ ಹೈಕೋರ್ಟ್ ತಳ್ಳಿಹಾಕಿತು. 2025ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನೇ ತಿರುಗಿಸಿತು. ಆ ಮಾರ್ಚ್‌ನ 3 ಮತ್ತು 4ರಂದೇ ಕಾರ್ನಿವಲ್ ಮುಗಿದಿತ್ತು. ಅದೂ ತುರ್ತುಪರಿಸ್ಥಿತಿಯ ನಡುವೆ. ಗುಂಪು ಕೊಲೆಗಳು ಹೆಚ್ಚಿದವು ಅಂತ 2024ರ ಡಿಸೆಂಬರ್ 30ರಂದು ಸರ್ಕಾರ ಅದನ್ನು ಘೋಷಿಸಿತ್ತು. ಕರ್ಫ್ಯೂ ಇರಲಿಲ್ಲ. ಆದರೆ ವಾರಂಟ್ ಇಲ್ಲದೆ ತಪಾಸಣೆ ಮಾಡುವ ಅಧಿಕಾರ ಪೊಲೀಸರಿಗಿತ್ತು. ಮುಖ ಮುಚ್ಚಿಕೊಂಡು ಜನರನ್ನು ಅಡ್ಡಗಟ್ಟಿ ಕಾಸು ಕೇಳುವ ಕಳ್ಳ, ಅಂಥ ಪೊಲೀಸರು, ಇಬ್ಬರೂ ಒಂದೇ ಬೀದಿಯಲ್ಲಿ. ಆ ವೇಷ ತೊಟ್ಟವನಿಗೆ ತನ್ನ ಮಾತು ಎಷ್ಟು ಭಾರ ಅನಿಸಿರಬಹುದು ಅಂತ ಯೋಚಿಸುತ್ತೇನೆ.

ಹಾಗಂತ ಎಲ್ಲ ಕಡೆಯೂ ಸೋಲೇ ಇಲ್ಲ. ಗ್ರೆನೇಡಾ ನೋಡಿ. ಅಲ್ಲಿನ ಕಾರ್ನಿವಲ್ 1981ರಿಂದ ಆಗಸ್ಟ್‌ಗೆ ಬಂದಿದೆ. ಅದರ ಜೀವಾಳ ಜ್ಯಾಬ್ ಜ್ಯಾಬ್. ಟ್ರಿನಿಡಾಡ್‌ನಲ್ಲಿ ಇದೇ ಹೆಸರಿನ ವೇಷ ಕನ್ನಡಿ, ಗೆಜ್ಜೆ, ಚಾವಟಿಯ ಬಣ್ಣದ ಉಡುಪು. ಗ್ರೆನೇಡಾದಲ್ಲಿ ಹಾಗಲ್ಲ. ಮೈತುಂಬಾ ಕಪ್ಪು ಎಣ್ಣೆ ಅಥವಾ ಇದ್ದಿಲು, ತಲೆಗೆ ಕೊಂಬಿನ ಹೆಲ್ಮೆಟ್, ಕಾಲಲ್ಲಿ ಎಳೆದಾಡುವ ಸರಪಳಿ, ಊದುವ ಶಂಖ. ಕಪ್ಪು ದೆವ್ವ ಅಂತ ಬೈದಿರಾ? ಇಗೋ, ನಾವೇ ಆ ದೆವ್ವ. ಹಳೆಯ ಎಂಜಿನ್ ಆಯಿಲ್ ಚರ್ಮಕ್ಕೆ ಒಳ್ಳೆಯದಲ್ಲ, ಅದನ್ನು ಬಿಟ್ಟು ಬೇರೆ ಎಣ್ಣೆ ಬಳಸುವುದೇ ಸರಿ. ಆದರೆ ಗಮನಿಸಬೇಕಾದದ್ದು ಬೇರೆ. ಅಲ್ಲಿ ಜ್ಯಾಬ್ ಆಗುವುದಕ್ಕೆ ಹೆಸರು ಬರೆಸಬೇಕಾಗಿಲ್ಲ, ದುಡ್ಡು ಕಟ್ಟಬೇಕಾಗಿಲ್ಲ. ಒಂದು ಹಳೆ ಚಡ್ಡಿ, ಒಂದು ಬಾಟಲಿ ಎಣ್ಣೆ ಸಾಕು. ಯಾರೂ ಅದನ್ನು ಉಳಿಸುವುದಕ್ಕೆ ಹೊರಡಲಿಲ್ಲ. ಹಗ್ಗ ಕಟ್ಟಲಿಲ್ಲ, ಅಷ್ಟೆ. ಸಾವಿರಾರು ಜನ ಜ್ಯಾಬ್ ಆದರು.

ಮೋಕೋ ಜಂಬಿಯ ಕಥೆಯೂ ಹೀಗೇ ಧೈರ್ಯ ಕೊಡುತ್ತದೆ. ಮರಗಾಲು ಕಟ್ಟಿ, ಮನೆಯ ಸೂರಿನೆತ್ತರಕ್ಕೆ ನಡೆಯುವ ವೇಷ ಇದು. ಜಂಬಿ ಅಂದರೆ ಪ್ರೇತ. ಪಶ್ಚಿಮ ಆಫ್ರಿಕಾದಿಂದ ಅಟ್ಲಾಂಟಿಕ್ ಸಮುದ್ರವನ್ನೇ ನಡೆದು ದಾಟಿ ತನ್ನವರನ್ನು ಕಾಯಲು ಬಂದವನು ಅಂತ ಜನ ಹೇಳುತ್ತಾರೆ. ಟ್ರಿನಿಡಾಡ್‌ನಲ್ಲಿ ಇದು ಹೆಚ್ಚುಕಡಿಮೆ ಕಣ್ಮರೆಯಾಗಿತ್ತು. 1986ರಲ್ಲಿ ಗ್ಲೆನ್ ಡಿಸೋಜಾ ಎಂಬುವರು ಪೋರ್ಟ್ ಆಫ್ ಸ್ಪೇನ್ ಪಕ್ಕದ ಕೊಕೊರಿಟ್‌ನಲ್ಲಿ ಕೀಲೆಮಂಜಾರೊ ಅನ್ನುವ ಶಾಲೆ ಶುರು ಮಾಡಿದರು. ಎಲ್ಲರೂ ಅವರನ್ನು 'ಡ್ರಾಗನ್' ಅಂತಲೇ ಕರೆಯುತ್ತಿದ್ದರು. ಬಡ ಕೇರಿಯ ಮಕ್ಕಳು ಅಂಬೆಗಾಲು ಬಿಟ್ಟು ಸ್ವಲ್ಪ ದಿನಕ್ಕೇ ಮರಗಾಲು ಹತ್ತಿದರು. ಮುಂದೆ ದಕ್ಷಿಣದ ಸಾನ್ ಫರ್ನಾಂಡೊದಲ್ಲೂ ತಂಡಗಳು ಹುಟ್ಟಿದವು. 2016ರಲ್ಲಿ ದೊಡ್ಡ ಮಾಸ್ ಕಲಾವಿದ ಪೀಟರ್ ಮಿನ್ಶಲ್ ಕಾರ್ನಿವಲ್‌ನ ರಾಜ ಯಾರು ಅನ್ನುವ ಸ್ಪರ್ಧೆಯ ತಮ್ಮ ವೇಷಕ್ಕೆ ಆರಿಸಿಕೊಂಡದ್ದು ಇದನ್ನೇ. ಮರಗಾಲಿನ ಮೇಲೆ ಬ್ಯಾಲೆ ಕುಣಿಯುತ್ತಾ ಸಾಯುವ ಹಂಸ.

ಮೋಕೋ ಜಂಬಿ ಯಾಕೆ ಗೆದ್ದಿತು, ರಾಬರ್ ಯಾಕೆ ಒದ್ದಾಡುತ್ತಿದ್ದಾನೆ? ಒಂದು ಕಾರಣ ಎತ್ತರ. ಎಷ್ಟೇ ಲಾರಿ ಬಂದರೂ, ಎಷ್ಟೇ ಸದ್ದಿದ್ದರೂ ಅವನು ಕಾಣುತ್ತಾನೆ. ಅವನಿಗೆ ಮಾತು ಬೇಕಾಗಿಲ್ಲ. ಇನ್ನೊಂದು, ಅವನನ್ನು ಕಲಿಸುವ ಜಾಗ ವರ್ಷವಿಡೀ ತೆರೆದಿರುತ್ತದೆ, ಅದೂ ಮಕ್ಕಳ ಮನೆಯ ಪಕ್ಕದಲ್ಲೇ. ಮಾತಿನ ವೇಷಗಳಿಗೆ ಇಂಥ ಎತ್ತರ ಸಿಗಲಾರದು. ಅವಕ್ಕೆ ಬೇಕಾದದ್ದು ಸ್ವಲ್ಪ ಮೌನ. ಎರಡು ದಿನದಲ್ಲಿ ಕೆಲವು ತಾಸು, ಪೇಟೆಯ ಕೆಲವು ಬೀದಿಗಳಲ್ಲಿ ಲಾರಿ, ಸ್ಪೀಕರ್ ಬೇಡ ಅಂತ ತೀರ್ಮಾನಿಸಿದರೆ ಬಹುಮಾನದ ದುಡ್ಡಿಗಿಂತ ಅದು ಜಾಸ್ತಿ ಕೆಲಸ ಮಾಡುತ್ತದೆ ಅಂತ ನನ್ನ ನಂಬಿಕೆ. ಆ ಬೀದಿಯಲ್ಲಿ ಕುರ್ಚಿ ಹಾಕಬಾರದು. ಕುರ್ಚಿ ಹಾಕಿದರೆ ಮತ್ತೆ ವೇದಿಕೆಯೇ.

ಇದಕ್ಕೆ ಹತ್ತಿರವಾದದ್ದು ಒಂದಿದೆ. ಕಾರ್ನಿವಲ್‌ಗೆ ಮುಂಚಿನ ಶುಕ್ರವಾರ, ಇನ್ನೂ ಬೆಳಕು ಹರಿಯುವ ಮೊದಲು, ಪೋರ್ಟ್ ಆಫ್ ಸ್ಪೇನ್‌ನ ಪೂರ್ವದ ಪಿಕಾಡಿಲಿ ಗ್ರೀನ್ಸ್‌ನಲ್ಲಿ ಜನ ಸೇರುತ್ತಾರೆ. ಕವಿ ಇಂಟು ಪರ್ಲ್ ಸ್ಪ್ರಿಂಗರ್ ಬರೆದ ರೂಪಕದಲ್ಲಿ 1881ರ ದಂಗೆಯನ್ನು ಬೀದಿಯಲ್ಲೇ ಮತ್ತೆ ಆಡುತ್ತಾರೆ. ದಂಗೆ ನಡೆದ ಊರಿನಲ್ಲೇ, ದಂಗೆ ಎದ್ದವರ ಮೊಮ್ಮಕ್ಕಳ ಕೇರಿಯಲ್ಲೇ. ಲಾರಿಗಳು ಇನ್ನೂ ಬಂದಿರುವುದಿಲ್ಲ. ಆ ನಸುಕಿನಲ್ಲಿ ಬೇಬಿ ಡಾಲ್ ಒಬ್ಬಳು ಬೊಂಬೆ ಎತ್ತಿಕೊಂಡು ಜನರ ನಡುವೆ ನುಗ್ಗಿದರೆ ಅವಳ ಮಾತು ಕೊನೆಯ ಸಾಲಿನವರೆಗೂ ಕೇಳಿಸುತ್ತದೆ: ಹಾಲಿಗೆ ದುಡ್ಡು ಕೊಡು.